ಆರ್‌ಸಿ ಪುಸ್ತಕದಲ್ಲಿ ಇಲ್ಲದ ಕಾರು

ಕಾಗದದ ಮಾತು ನಂಬುವುದಾದರೆ ಇದು ಸ್ಟ್ಯಾಂಡರ್ಡ್ ಹೆರಾಲ್ಡ್. 1962ರ ಮಾಡೆಲ್, ಎರಡು ಬಾಗಿಲು, ಬೂದು ಬಣ್ಣ, ಚಾಲಕನೂ ಸೇರಿ ನಾಲ್ಕು ಸೀಟು. ಕೆಎಲ್‌ಸಿ ಎಂದು ಶುರುವಾಗುವ ನಂಬರು, ಅಂದರೆ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯ ತಾಲೂಕಾಗಿದ್ದ ಕಾಲದ್ದು. ಪೆರ್ಲದಿಂದ ಒಳಗೆ, ಅಡಿಕೆ ತೋಟದ ಬದಿಯ ಹಳೆಯ ಹಟ್ಟಿಯಲ್ಲಿ ನಿಂತಿದ್ದ ವಾಹನಕ್ಕೆ ಬಾಗಿಲೂ ಇಲ್ಲ, ಮಾಡೂ ಇಲ್ಲ. ಸೀಟು ಎರಡೇ. ಬಣ್ಣ ಹಸಿರು. ಮುಂದಿನ ಗಾಜು ಬಿಟ್ಟರೆ ಅದರ ಅತಿ ಎತ್ತರದ ಭಾಗ ನನ್ನ ಸೊಂಟಕ್ಕೆ ಬರುತ್ತದೆ. ಎಂಜಿನ್ ನಂಬರು ಒಂದು ಮಾತ್ರ ಪುಸ್ತಕಕ್ಕೂ ಕಬ್ಬಿಣಕ್ಕೂ ಸರಿಯಾಗಿ ತಾಳೆಯಾಗುತ್ತದೆ.

ಊರಲ್ಲಿ ಇದಕ್ಕೆ ರೇಸ್ ಕಾರು ಎಂದೇ ಹೆಸರು. ಕಟ್ಟಿದವರನ್ನು ಕಾರಜ್ಜ ಎನ್ನುತ್ತಿದ್ದರು, ಮನೆಯವರ ಇಷ್ಟದಂತೆ ನಾನೂ ಅಷ್ಟೇ ಹೇಳುತ್ತೇನೆ. ಅಡಿಕೆ ಕೃಷಿಕರು. ತೋಟಕ್ಕೆ ಮದ್ದು ಬಿಡುವ ಪಂಪು, ನೀರೆತ್ತುವ ಡೀಸೆಲ್ ಎಂಜಿನ್, ನೆರೆಮನೆಯ ಜೀಪು, ಯಾವುದು ಕೆಟ್ಟರೂ ಬಿಚ್ಚಿ ಹರವಿ ಕೂರುವ ಜಾತಿ. ಅಂಥವರು ನಮ್ಮ ಕಡೆ ಊರಿಗೊಬ್ಬರು ಇದ್ದೇ ಇರುತ್ತಿದ್ದರು. ಆದರೆ ಇಡೀ ಕಾರು ಕಟ್ಟಿದವರು ಇನ್ನೊಬ್ಬರು ನನಗೆ ಸಿಕ್ಕಿಲ್ಲ. ಈಗ ಬೆಂಗಳೂರಲ್ಲಿರುವ ಮೊಮ್ಮಗ ಹಟ್ಟಿ ಕೆಡವಿಸುವ ಯೋಚನೆಯಲ್ಲಿದ್ದ. "ನೀವು ತಕ್ಕೊಂಡು ಹೋಗ್ತೀರಾದ್ರೆ ಹೋಗಿ, ಇಲ್ಲದಿದ್ರೆ ಗುಜರಿಗೆ" ಎಂದ. ಸೀಟಿನ ಜಾಗದಲ್ಲಿ ತೆಂಗಿನಕಾಯಿ ರಾಶಿ, ಬಾನೆಟ್ ಮೇಲೆ ಹಾಳೆ ಕಟ್ಟು, ಸ್ಟಿಯರಿಂಗಿಗೆ ಸುತ್ತಿದ ಮದ್ದಿನ ಪೈಪು. ಅವನ್ನೆಲ್ಲ ಇಳಿಸಿದ ಮೇಲೆ ಲಾರಿಗೆ ಏರಿಸಿದೆವು.

ಕಾರ್ಖಾನೆಯಿಂದ ಬಂದ ಹಳೆಯ ಕಾರಿನ ಚರಿತ್ರೆ ಹುಡುಕುವುದು ಒಂದು ಬಗೆಯ ಗುಮಾಸ್ತಿಕೆ. ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಕಾರು. ಅಲ್ಲೇ ತಯಾರಾದ ಟ್ರಯಂಫ್ ನಿಮ್ಮಲ್ಲಿದ್ದರೆ, ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿಗೆ ಹಣ ಕಟ್ಟಿ ಅರ್ಜಿ ಹಾಕಿದರಾಯಿತು. ಕಾರ್ಖಾನೆಯ ಲೆಡ್ಜರು ನೋಡಿ, ಯಾವ ದಿನ ಕಟ್ಟಿದ್ದು, ಮೊದಲ ಬಣ್ಣ ಯಾವುದು ಎಂದು ಬರೆದು ಕಳಿಸುತ್ತಾರೆ. ನಮ್ಮ ಹೆರಾಲ್ಡ್ ಮದ್ರಾಸಿನದು. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ 1971ರವರೆಗೆ ಅದನ್ನು ಮಾಡಿತು, ಆಮೇಲೆ ಗೆಜೆಲ್, ಕೊನೆಗೆ 1985ರಲ್ಲಿ ಸ್ಟ್ಯಾಂಡರ್ಡ್ 2000. ಅದು ಕೈಕೊಟ್ಟಿತು, ಕಾರ್ಖಾನೆ ಮುಚ್ಚಿತು. ಹಾಗೊಂದು ವೇಳೆ ಲೆಡ್ಜರು ಸಿಕ್ಕಿದರೂ ಅದರಲ್ಲಿ ಸಿಗುವುದು ಬೂದು ಬಣ್ಣದ ಒಂದು ಮನೆಬಳಕೆಯ ಕಾರು. ಈ ಕಾರು ಹುಟ್ಟಿದ್ದೇ ಆ ಕಾರು ಸತ್ತ ಮೇಲೆ.

ಹೆರಾಲ್ಡನ್ನೇ ಯಾಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಇಂಗ್ಲೆಂಡಿನಲ್ಲಿದೆ. 1950ರ ದಶಕದಲ್ಲಿ ಬಹುತೇಕ ಕಾರುಗಳು ಚಾಸಿಸ್, ಅಂದರೆ ಅಡಿಯ ಚೌಕಟ್ಟು, ಬಿಟ್ಟು, ಬಾಡಿಯೇ ಭಾರ ಹೊರುವ ಒಂದೇ ಚಿಪ್ಪಿನ ರಚನೆಗೆ ಹೊರಳುತ್ತಿದ್ದವು. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಫಿಶರ್ ಅಂಡ್ ಲಡ್ಲೋ ಸಂಸ್ಥೆಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿ ಕೊಂಡುಕೊಂಡಿತು. ಇಡೀ ಚಿಪ್ಪು ಒತ್ತಿಕೊಡುವವರು ಸಿಗದೆ, ಕಂಪನಿ ಹಳೆಯ ದಾರಿಗೇ ಮರಳಿತು: ಕೆಳಗೊಂದು ಗಟ್ಟಿ ಚಾಸಿಸ್, ಮೇಲೆ ಬೇರೆ ಬೇರೆ ಕಡೆ ಮಾಡಿಸಿ ತಂದ ತುಂಡುಗಳನ್ನು ಬೋಲ್ಟು ಹಾಕಿ ಕೂರಿಸಿದ ಬಾಡಿ. ಅದರ ರೂಪ ಬರೆದವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. 1959ರಲ್ಲಿ ಅದು ಮಾರುಕಟ್ಟೆಗೆ ಬಂತು. ಬೋಲ್ಟು ಬಿಚ್ಚಿ ಬಾಡಿ ಎತ್ತಿಟ್ಟರೆ ಎಂಜಿನ್, ಗೇರು, ಚಕ್ರ, ಸ್ಟಿಯರಿಂಗು ಎಲ್ಲ ಚಾಸಿಸ್ ಮೇಲೆ ಹಾಗೇ ಉಳಿಯುತ್ತವೆ, ಸ್ಟಾರ್ಟ್ ಮಾಡಿ ಓಡಿಸಲೂಬಹುದು. ಕಂಪನಿಯೇ ಅದೇ ಬಗೆಯ ಚಾಸಿಸನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದಿತು. ನಮ್ಮ ದೇಶಕ್ಕೆ ಅದು ಬರಲಿಲ್ಲ.

ನಮ್ಮಲ್ಲಿ ಆಗ ಇದ್ದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಬಿಡಿಭಾಗಗಳನ್ನೂ ಇಲ್ಲಿಯೇ ಮಾಡಬೇಕೆಂಬ ಸರಕಾರದ ನೀತಿ ಬಂದದ್ದೇ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದ್ದವು. ಸ್ಪೋರ್ಟ್ಸ್ ಕಾರು ಬೇಕಾದವನು ಕಟ್ಟಿಕೊಳ್ಳಬೇಕು, ಇಲ್ಲ ಆಸೆ ಬಿಡಬೇಕು. ಇಂಗ್ಲೆಂಡಿನಲ್ಲಿ ಇಂಥ ಕಾರುಗಳಿಗೆ ಸ್ಪೆಷಲ್ ಎನ್ನುತ್ತಾರೆ, ಅವಕ್ಕೊಂದು ಮರ್ಯಾದೆಯೂ ಇದೆ. ಕಾಲಿನ್ ಚಾಪ್‌ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಮೇಲೆ ಕಟ್ಟಿದ ಸ್ಪೆಷಲ್ಲಿನಿಂದಲೇ ಲೋಟಸ್ ಎಂಬ ರೇಸ್ ಕಾರು ಕಂಪನಿಯ ಹೆಸರು ಹುಟ್ಟಿತು. ಪೆರ್ಲದಲ್ಲಿ ಕಟ್ಟಿದರೆ ಕೊಟ್ಟಿಗೆಯಲ್ಲಿ ಕಾಯಿ ರಾಶಿ.

ಮೊದಲಿಗೆ ನಾನು ಜನರನ್ನು ಕೇಳಲು ಹೋಗಲಿಲ್ಲ, ಕಾರನ್ನೇ ಓದಲು ಕೂತೆ. ಮುಂದಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೆ ಅಳತೆ ಹಿಡಿದರೆ 91.5 ಇಂಚು, ಕಾರ್ಖಾನೆಯ ಹೆರಾಲ್ಡಿನದೇ ಅಳತೆ. ಅಂದರೆ ಚಾಸಿಸ್ ಕತ್ತರಿಸಿಲ್ಲ. ಎಂಜಿನ್ ಅದೇ 948 ಸಿಸಿ. ಹಿಂದಿನ ಅಡ್ಡ ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಹತ್ತಿರ ಬಂದಾಗ ಮಾತ್ರ ಕೈ ನಿಂತಿತು.

ಹೆರಾಲ್ಡಿನ ಹಿಂದಿನ ಆಕ್ಸಲ್ ಎರಡು ತುಂಡು. ಎರಡು ಚಕ್ರಕ್ಕೂ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ಲಿನಿಂದ ರೆಕ್ಕೆಯ ಹಾಗೆ ಎರಡು ಬದಿಗೂ ಬಡಿದಾಡುತ್ತದೆ. ತಿರುವಿನಲ್ಲಿ ಜೋರಾಗಿ ಹೋಗಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಮೇಲೆದ್ದು, ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಂಡು ಬಾಲ ಬೀಸುತ್ತದೆ. ರೇಸಿನವರು ಇದಕ್ಕೆ ಕಂಡುಕೊಂಡ ಮದ್ದು, ಕಮಾನು ಪಟ್ಟಿಯ ಬಾಗು ಇಳಿಸಿ ಚಪ್ಪಟೆ ಮಾಡಿಸುವುದು. ಕಾರು ತಗ್ಗುತ್ತದೆ, ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಮಡಚುವ ಗುಣ ಅರ್ಧಕ್ಕರ್ಧ ಹೋಗುತ್ತದೆ. ಈ ಕಾರಿನ ಪಟ್ಟಿ ಹಾಗೆಯೇ ಇದೆ. ವರ್ಷಗಟ್ಟಲೆ ಭಾರ ಹೊತ್ತು ಸೋತದ್ದಲ್ಲ: ಮೇಲಿನ ಎಲೆಯನ್ನು ಮತ್ತೆ ಕಾಯಿಸಿ ಹದ ಮಾಡಿದ ಗುರುತಿದೆ, ಒಂದು ಎಲೆ ತೆಗೆದು ಅದರ ಜಾಗದಲ್ಲಿ ತೆಳ್ಳಗಿನದು ಸೇರಿಸಿದ್ದಾರೆ. ಆ ಕಾಲಕ್ಕೆ ನಮ್ಮ ಕಡೆಯ ಬಸ್ಸು ಲಾರಿಗಳ ಕಮಾನಿಗೆಲ್ಲ ಮಂಗಳೂರೇ ಗತಿ, ವಿ. ಎಸ್. ಕುಡ್ವರ ಕೆನರಾ ವರ್ಕ್‌ಶಾಪಿನ ಸ್ಪ್ರಿಂಗಿಗೆ ಹೆಸರಿತ್ತು. ಇಂಥ ಕೆಲಸ ಬಲ್ಲ ಕೈಗಳಿಗೆ ಆ ಪಟ್ಟಣದಲ್ಲಿ ಬರವಿರಲಿಲ್ಲ. ಏನು ಮಾಡಿಸಬೇಕು ಎಂಬುದು ಮಾತ್ರ ಮಾಡಿಸುವವನಿಗೆ ಗೊತ್ತಿರಬೇಕಿತ್ತು. ಕಾರಜ್ಜನಿಗೆ ಗೊತ್ತಿತ್ತು.

ಮುಂದಿನ ಚಕ್ರದ ಹತ್ತಿರ ಇನ್ನೊಂದು ಸಿಕ್ಕಿತು. ಹೆರಾಲ್ಡಿನ ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ ಹಿತ್ತಾಳೆಯ ಗಟ್ಟಿಯೊಳಗೆ. ಉಕ್ಕಿನ ಕಂಬದ ತುದಿಯ ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಅದರೊಳಗೆ ಕೂತಿರುತ್ತದೆ. ಅದಕ್ಕೆ ಗೇರ್ ಆಯಿಲ್ ಬಿಡಬೇಕು. ನಿಪ್ಪಲ್ ಕಂಡದ್ದೇ ಗ್ರೀಸ್ ಗನ್ ಹಿಡಿಯುವ ಗೇರೇಜಿನ ಹುಡುಗರು ಅಲ್ಲಿಗೂ ಗ್ರೀಸ್ ತುಂಬುತ್ತಾರೆ, ಅದು ಒಳಗಿನ ಮರೆವರೆಗೆ ಇಳಿಯುವುದಿಲ್ಲ, ನೀರು ಕೂತು ತುಕ್ಕು ಹಿಡಿದು ಒಂದು ದಿನ ಕಂಬ ಮುರಿಯುತ್ತದೆ, ಚಕ್ರ ಅಡ್ಡ ಮಲಗುತ್ತದೆ. ಬಲಬದಿಯ ಮಡ್‌ಗಾರ್ಡಿನ ಒಳಮೈಯಲ್ಲಿ ಮಣ್ಣು ಕೆರೆದಾಗ ಬಿಳಿ ಬಣ್ಣದಲ್ಲಿ ಕುಂಚದಿಂದ ಬರೆದ ಅಕ್ಷರ ಕಂಡಿತು: "ಎಣ್ಣೆ ಮಾತ್ರ. ಗ್ರೀಸ್ ಹಾಕಿದವನ ಕೈ ಕಡಿಯುತ್ತೇನೆ." ಕಾರಜ್ಜನ ಬಗ್ಗೆ ಆಮೇಲೆ ಎಷ್ಟೋ ಜನ ಎಷ್ಟೋ ಹೇಳಿದರು. ಈ ಎರಡು ಸಾಲಿನಷ್ಟು ಯಾರೂ ಹೇಳಲಿಲ್ಲ.

ಬಾಡಿಯ ಕಥೆ ಬಿಚ್ಚಿದಷ್ಟೂ ಉದ್ದ. ಮೇಲಿನಿಂದ ನೋಡಿದರೆ ಅಲ್ಯೂಮಿನಿಯಂ. ಒಳಗೆ ಮರದ ಪಂಜರ, ಸಾಗುವಾನಿ. ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿ ಕೂತ ಜೋಡಣೆ, ಮೇಲೊಂದು ಕಬ್ಬಿಣದ ಎಲ್ ಪಟ್ಟಿ, ಎರಡು ಬೋಲ್ಟು. ಹಳೆಯ ಬಸ್ಸುಗಳ ಬಾಡಿ ಕಟ್ಟಿದವರಿಗೆ ಇದು ನೋಡಿದ ಕೂಡಲೇ ಗುರುತಾಗುತ್ತದೆ. ಚಾಸಿಸ್ ಮಾತ್ರ ಕಂಪನಿಯಿಂದ ಬಂದು, ಮರದ ಚೌಕಟ್ಟು ಕಟ್ಟಿ ತಗಡು ಬಡಿಯುವ ಕೆಲಸ ಊರ ಆಚಾರಿಗಳ ಕೈಯಲ್ಲಿದ್ದ ಕಾಲ ಅದು. ಬಾಗಿದ ಭಾಗಗಳಿಗೆ ತಗಡನ್ನು ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದಿದ್ದಾರೆ. ಬೆಳಕಿಗೆ ಅಡ್ಡ ಹಿಡಿದರೆ ಕೊಡತಿಯ ಒಂದೊಂದು ಪೆಟ್ಟೂ ಲೆಕ್ಕಕ್ಕೆ ಸಿಗುತ್ತದೆ. ಎಡ ಮಡ್‌ಗಾರ್ಡ್ ಬಲಕ್ಕಿಂತ ಕಾಲಿಂಚು ಎತ್ತರ. ಎದುರು ನಿಂತು ನೋಡಿದರೆ ಕಾರು ಒಂದು ಹುಬ್ಬೇರಿಸಿದ ಹಾಗೆ ಕಾಣುವುದಕ್ಕೆ ಅದೇ ಕಾರಣ.

ಚಪ್ಪಟೆ ಭಾಗಗಳಿಗೆ ಹೊಸ ತಗಡು ತಂದಿಲ್ಲ. ಕಾಲಿನ ಹತ್ತಿರದ ಒಂದು ಹಲಗೆಯ ರಿವೆಟ್ ತೆಗೆದು ತಿರುಗಿಸಿದರೆ ಹಿಂಬದಿಯಲ್ಲಿ ಹಳದಿ ಪಟ್ಟೆ, ಅದರ ಮೇಲೆ ಕೆಂಪಿನಲ್ಲಿ ತಲೆಕೆಳಗಾಗಿ "ಬದಿಯ" ಎಂಬ ಮೂರು ಅಕ್ಷರ. ಬದಿಯಡ್ಕಕ್ಕೆ ಓಡುತ್ತಿದ್ದ ಯಾವುದೋ ಬಸ್ಸಿನ ಪಕ್ಕೆ. ಕಬ್ಬಿಣದ ಸ್ಕ್ರೂ ಹೊಡೆದ ಕಡೆಯಲ್ಲೆಲ್ಲ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿದೆ. ರಿವೆಟ್ ಹೊಡೆದಲ್ಲಿ ಗಟ್ಟಿಯಾಗಿದೆ. ಆಚಾರಿಗೆ ರಿವೆಟ್ ಮುಗಿದು ಸ್ಕ್ರೂ ಹಿಡಿದ ಜಾಗವನ್ನು ಬೆರಳಿಟ್ಟು ತೋರಿಸಬಹುದು.

ಈ ಬಸ್ ಬಾಡಿಯ ಜಾಡು ಹಿಡಿದು ಉಪ್ಪಳಕ್ಕೆ ಹೋದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗುವಾಗ ಬದಿಯ ಹಳೆಯ ಗೇರೇಜುಗಳು ಸಾಲಾಗಿ ಹೋಗಿವೆ. ಅಲ್ಲಿದ್ದವರನ್ನು ಹುಡುಕುವುದೇ ಒಂದು ಕೆಲಸ. ಬಾಡಿ ಕಟ್ಟಿದ ಆಚಾರಿ ತೀರಿಕೊಂಡಿದ್ದರು, ಮಗ ಸಿಕ್ಕಿದರು. ಅವರೇ ಈಗ ಎಪ್ಪತ್ತರ ಹತ್ತಿರ. ಮಲಯಾಳ, ತುಳು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುವವರು. ಅಪ್ಪ ಆ ಕಾರಿಗೆ ಕೂಲಿ ತಗೊಂಡದ್ದು ಅರ್ಧ ಹಣ, ಅರ್ಧ ಅಡಿಕೆಯಲ್ಲಿ ಎಂದರು. ನಕ್ಷೆ ಇತ್ತೇ ಎಂದರೆ, ಅಂಗಳದಲ್ಲಿ ಇದ್ದಿಲಿನಿಂದ ಬರೆದದ್ದು, ಬೆಳಗ್ಗೆ ಸೆಗಣಿ ಸಾರಿಸುವಾಗ ಹೋಗುತ್ತಿತ್ತು, ಮರುದಿನ ಮತ್ತೆ ಬರೆಯುತ್ತಿದ್ದರು ಎಂದರು. ಎಡಬಲದ ಕಾಲಿಂಚು ವ್ಯತ್ಯಾಸ ಬಹುಶಃ ಸೆಗಣಿಯದೇ.

ಕಾಲ ಗೊತ್ತುಮಾಡುವುದು ಸುಲಭವಿರಲಿಲ್ಲ. ಇಸವಿ ಕೇಳಿದರೆ ಯಾರೂ ಹೇಳುವುದಿಲ್ಲ, ಊರಿಗೆ ಊರೇ ನೆನಪಿಟ್ಟುಕೊಂಡ ಸಂಗತಿಯೊಂದಕ್ಕೆ ಕಟ್ಟಿ ಕೇಳಬೇಕು. ನೆರೆಮನೆಯ ಹಿರಿಯರೊಬ್ಬರು, ಬಾಡಿಯಿಲ್ಲದ ಚಾಸಿಸ್ ಮೇಲೆ ಮರದ ಪೆಟ್ಟಿಗೆ ಕಟ್ಟಿ ಕಾರಜ್ಜ ಓಡಿಸಿಕೊಂಡು ಹೋದದ್ದನ್ನು ನೋಡಿದ್ದಾರೆ. ಯಾವಾಗ? ರಾಜ್ಯಗಳ ಗಡಿ ವಿವಾದದ ಮಹಾಜನ ವರದಿ ಬಂದ ಮಳೆಗಾಲ, ಚಂದ್ರಗಿರಿ ಹೊಳೆಯಿಂದ ಬಡಗಿನ ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅದರಲ್ಲಿ ಬರೆದಿದೆಯೆಂದು ಎಲ್ಲರೂ ಇನ್ನೇನು ಆಗಿಯೇಹೋಯಿತು ಎಂದುಕೊಂಡಿದ್ದ ಸಮಯ. ಅಂದರೆ 1967ರ ಆಗಸ್ಟಿನ ಆಸುಪಾಸು. ಅದಕ್ಕೂ ಒಂದೆರಡು ವರ್ಷ ಮೊದಲು, ಸೀತಾಂಗೋಳಿ ಕಡೆಯ ತಿರುವೊಂದರಲ್ಲಿ ಆಗಿನ ಮಾಲೀಕರ ಕೈಯಲ್ಲಿ ಹೆರಾಲ್ಡಿನ ಮುಂದಿನ ಚಕ್ರ ಅಡ್ಡ ಮಲಗಿ ಕಾರು ಪಲ್ಟಿಯಾಗಿತ್ತಂತೆ. ಮಾಡು ನುಗ್ಗುನುರಿ, ಚಾಸಿಸ್ ನೆಟ್ಟಗೆ. ಅದನ್ನೇ ಕಾರಜ್ಜ ಅಗ್ಗಕ್ಕೆ ಕೊಂಡದ್ದು. ಮಡ್‌ಗಾರ್ಡಿನೊಳಗಿನ ಬೆದರಿಕೆಯ ಮೂಲ ಇಲ್ಲಿದೆ.

ಬಾಡಿ ಅರ್ಧಕ್ಕೆ ನಿಂತದ್ದು ಅಡಿಕೆಗೆ ಬೆಲೆ ಬಿದ್ದಾಗ. 1970-71ರ ಆ ಕುಸಿತದ ಮಾತು ಬಂದರೆ ನಮ್ಮ ಮನೆಗಳಲ್ಲಿ ಈಗಲೂ ದನಿ ತಗ್ಗುತ್ತದೆ. ವಾರಣಾಶಿ ಸುಬ್ರಾಯ ಭಟ್ಟರು ಎರಡು ರಾಜ್ಯದ ಬೆಳೆಗಾರರನ್ನು ಸೇರಿಸಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆ ಕಟ್ಟಿದ್ದು ಅದರ ಬೆನ್ನಿಗೇ, 1973ರ ಜುಲೈಯಲ್ಲಿ. ಆಚಾರಿಯ ಮಗನ ಪ್ರಕಾರ ಬಾಕಿ ಕೂಲಿ ಸಿಕ್ಕಿದ್ದೂ ಕಾರಿಗೆ ಬಣ್ಣ ಬಿದ್ದದ್ದೂ ಆ ವರ್ಷವೇ. ಆದರೆ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲಕ್ಕೆ ಕಡಿವಾಣ ಹಾಕಿದವು, ಪೆಟ್ರೋಲ್ ಬೆಲೆ ಏರಿತು. ಇಷ್ಟು ವರ್ಷ ಕಾದು ಮುಗಿದ ಕಾರು, ಎರಡೇ ಸೀಟು, ಒಂದು ಗೋಣಿ ಅಡಿಕೆಗೂ ಜಾಗ ಇಲ್ಲ. ಮನೆಯಲ್ಲಿ ಏನೇನು ಮಾತು ಬಂದಿರಬಹುದು ಎಂದು ಊಹಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಸಿಕ್ಕಿದ ಕೊನೆಯ ತೆರಿಗೆ ಚೀಟಿ 1976ರದ್ದು.

ಇನ್ನು ರೇಸು. ಊರವರಲ್ಲಿ ಅರ್ಧ ಜನ ಈ ಕಾರು ಶೋಲಾವರಂನಲ್ಲಿ ಓಡಿದೆ ಎನ್ನುತ್ತಾರೆ, ಇನ್ನರ್ಧ ಗೆದ್ದಿದೆ ಎನ್ನುತ್ತಾರೆ. ಮದ್ರಾಸಿನ ಹೊರಗೆ, ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ನಡೆಸುತ್ತಿದ್ದ ರೇಸುಗಳವು. ಹೆರಾಲ್ಡ್, ಫಿಯೆಟ್, ಮನೆಯಲ್ಲೇ ಕಟ್ಟಿದ ಸ್ಪೆಷಲ್ಲುಗಳು ಎಲ್ಲ ಅಲ್ಲಿ ಓಡುತ್ತಿದ್ದವು. ಎಡಪಕ್ಕೆಯಲ್ಲಿ ಹಸಿರು ಬಣ್ಣ ಉಜ್ಜಿದಾಗ ಬಿಳಿ ವೃತ್ತ, ನಡುವೆ 7 ಕಂಡು ನನಗೂ ಮೈ ಜುಮ್ಮೆಂದಿತು. ಫೋಟೊ ತೆಗೆದು ಆಚಾರಿಯ ಮಗನಿಗೆ ತೋರಿಸಿದೆ. ಅವರು ಗಹಗಹಿಸಿ ನಕ್ಕರು. ಬರೆದದ್ದು ಅವರೇ, ಹುಡುಗನಾಗಿದ್ದಾಗ, ಪತ್ರಿಕೆಯಲ್ಲಿ ನೋಡಿದ ಚಿತ್ರದ ಹಾಗೆ. ಕಾರಜ್ಜ ಬೈದು ಅದರ ಮೇಲೆ ಹಸಿರು ಹೊಡೆಸಿದರಂತೆ. ಮಗಳು, ಅಂದರೆ ಮೊಮ್ಮಗನ ತಾಯಿ, ಹೇಳಿದ್ದು ಇನ್ನೂ ಸಪ್ಪೆ: ಅಪ್ಪ ಫೆಬ್ರವರಿಯಲ್ಲಿ ಕಾಸರಗೋಡಿನಿಂದ ಮದ್ರಾಸ್ ರೈಲು ಹತ್ತುತ್ತಿದ್ದರು, ಕಾರು ಮನೆಯಲ್ಲೇ ಇರುತ್ತಿತ್ತು. ನನ್ನ ತೀರ್ಮಾನ ಇಷ್ಟು. ಕಾರು ರೇಸು ಓಡಿಲ್ಲ. ಆದರೆ ಆ ಕಮಾನು ಪಟ್ಟಿ ಶೋಲಾವರಂ ನೋಡಿ ಬಂದ ಕಣ್ಣಿನದು. ರೈಲಿನಲ್ಲಿ ಹೋಗಿ ಬೇಲಿಯಾಚೆ ನಿಂತು ಹೆರಾಲ್ಡುಗಳು ತಿರುವಿನಲ್ಲಿ ಹೇಗೆ ಕೂರುತ್ತವೆ ಎಂದು ನೋಡಿ ಬಂದವರು ಮಾಡಿಸಿದ ಕೆಲಸ. ಊರವರಿಗೆ ಈ ಕಥೆ ರುಚಿಸಿಲ್ಲ. ಬಿಳಿ ವೃತ್ತವನ್ನೇ ಇಟ್ಟುಕೊಳ್ಳಿ ಎನ್ನುತ್ತಾರೆ.

ನನಗೆ ಅತಿ ಪ್ರಿಯವಾದ ತುಂಡು ಬಾನೆಟ್ ಕೆಳಗಿದೆ. ಭಾರತದ ಹೆರಾಲ್ಡಿಗೆ, ಪೆಟ್ರೋಲಿಗೆ ಗಾಳಿ ಬೆರೆಸುವ ಸೋಲೆಕ್ಸ್ ಕಾರ್ಬುರೇಟರು ಒಂದೇ. ಇದಕ್ಕೆ ಎಸ್‌ಯು ಎಂಬ ಬೇರೆ ಕಂಪನಿಯ ಕಾರ್ಬುರೇಟರು ಎರಡು, ಅಂಬಾಸಿಡರಿನವು. ಎರಡನ್ನು ಎಂಜಿನ್ನಿಗೆ ಜೋಡಿಸಲು ಬೇಕಾದ ಮ್ಯಾನಿಫೋಲ್ಡು, ಅಂದರೆ ಕವಲು ಕೊಳವೆ, ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುವಂಥದಲ್ಲ. ಎಣ್ಣೆ ಮಸಿ ತೊಳೆದಾಗ ಅಲ್ಯೂಮಿನಿಯಂ ಬೆಳ್ಳಗೆ ಕಾಣಬೇಕಿತ್ತು, ಕಂಡದ್ದು ಹಳದಿ. ಹಿತ್ತಾಳೆ! ಇಡೀ ಬಾಗಿದ ಕೊಳವೆಯಲ್ಲಿ ಎಲ್ಲೂ ಜೋಡುಗೆರೆ ಇಲ್ಲ. ಮರಳಿನ ಎರಡು ಪಾಲಿನ ಅಚ್ಚಿನಲ್ಲಿ ಎರೆದರೆ ನಡುವೆ ಗೆರೆ ಬಂದೇ ಬರುತ್ತದೆ. ಯಾರೋ ಹೇಳಿದರೆಂದು ಅದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಪಯ್ಯನ್ನೂರು ಹತ್ತಿರದ ಕುಂಞಿಮಂಗಲಕ್ಕೆ ಹೋದೆ. ದೀಪ, ಉರುಳಿ, ವಿಗ್ರಹ ಎರೆಯುವ ಮೂಶಾರಿಗಳ ಊರು. ಹಿರಿಯರೊಬ್ಬರು ಅದನ್ನು ಕೈಯಲ್ಲಿ ತೂಗಿ, ತೂತಿನೊಳಗೆ ಕಿರುಬೆರಳು ಹಾಕಿ ತಿರುಗಿಸಿ, ಮೇಣದ ಕೆಲಸ ಎಂದರು. ಒಳಗೆ ಮಣ್ಣಿನ ತಿರುಳು, ಅದರ ಮೇಲೆ ಮೇಣ ಮೆತ್ತಿ ಬೇಕಾದ ಆಕಾರ, ಮೇಣದ ಮೇಲೆ ಮತ್ತೆ ಪದರ ಪದರ ಮಣ್ಣು. ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಖಾಲಿ ಜಾಗಕ್ಕೆ ಲೋಹ ಎರೆಯುವುದು, ಆರಿದ ಮೇಲೆ ಅಚ್ಚು ಒಡೆಯುವುದು. ಒಂದು ಅಚ್ಚಿಗೆ ಒಂದೇ ವಸ್ತು. ಬಾಗಿದ ಪೊಳ್ಳು ಕೊಳವೆಗೆ ಇದಕ್ಕಿಂತ ಒಳ್ಳೆಯ ವಿಧಾನ ನೀವು ಈಗಲೂ ಹುಡುಕಬೇಕು. ಯಾವ ದೇವಸ್ಥಾನದ್ದು ಎಂದು ಅವರು ಕೇಳಿದರು. ಕಾರಿನದು ಎಂದಾಗ ಇನ್ನೊಮ್ಮೆ ತೂಗಿ ನೋಡಿ, ಕಾರಿಗೆ ಇಷ್ಟು ಭಾರ ಯಾಕೆ ಎಂದರು. ಸರಿಯಾದ ಪ್ರಶ್ನೆ. ನಲವತ್ತು ಅಶ್ವಶಕ್ತಿಗೂ ಮುಟ್ಟದ ಎಂಜಿನ್ನಿಗೆ ಎರಡನೇ ಕಾರ್ಬುರೇಟರಿನಿಂದ ಸಿಕ್ಕಿದ್ದನ್ನು ಹಿತ್ತಾಳೆ ವಾಪಸು ತಿಂದಿರುತ್ತದೆ.

ಈಗ ಕಾನೂನಿನ ಮಾತು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ನೋಂದಣಿ ತಂದಿತು. ನಂಬರಿನಲ್ಲಿ ವಿಎ ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಒಂದಿದೆ: ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್ಸಿಗೆ, ಬಾಡಿಗೆ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಬಾರದು. 1939ರ ಹಳೆಯ ಕಾಯ್ದೆಯಲ್ಲಿ ಮೊದಲೇ ತಿಳಿಸಿ ಒಪ್ಪಿಗೆ ಪಡೆದು ಬದಲಾಯಿಸುವ ದಾರಿ ಇತ್ತು, ಕಾರಜ್ಜ ಅದರ ಗೋಜಿಗೆ ಹೋದಂತೆ ಕಾಣುವುದಿಲ್ಲ, ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲೂ ಇಲ್ಲ. ಈಗಿನ 1988ರ ಕಾಯ್ದೆಯ 52ನೇ ಕಲಮು ಬಿಗಿ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಎಂದು ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿಯೂ ಆಗಿದೆ. ಬೀದಿಯಲ್ಲಿ ಓಡುವ ಜೀಪು, ಬೈಕುಗಳ ವೇಷ ನೋಡಿದರೆ ಆ ಬಿಗಿ ಬೇಕು ಎಂದೇ ನನಗೂ ಅನಿಸುತ್ತದೆ. ಆದರೆ ಈ ಕಾರಿನ ಮೂಲರೂಪ ಯಾವುದು? ಬೆಂಗಳೂರಿನ ಹಳೆ ಕಾರುಗಳ ಸ್ನೇಹಿತರೊಬ್ಬರು ದಾರಿ ಹೇಳಿದರು. ಎಲ್ಲಾದರೂ ಒಂದು ಗುಜರಿ ಹೆರಾಲ್ಡಿನ ಬಾಡಿ ಹುಡುಕಿ ತಂದು ಈ ಚಾಸಿಸ್ ಮೇಲೆ ಕೂರಿಸು, ಬೂದು ಬಣ್ಣ ಹೊಡಿ, ಪುಸ್ತಕಕ್ಕೂ ಕಾರಿಗೂ ತಾಳೆಯಾಗುತ್ತದೆ, ವಿಎ ನಂಬರು ಸಿಗುತ್ತದೆ. ಅವರು ತಮಾಷೆ ಮಾಡಿದ್ದಲ್ಲ. ಕಾಗದದ ಲೆಕ್ಕಕ್ಕೆ ಅದೇ ಪುನರುಜ್ಜೀವನ. ಸಾಗುವಾನಿ ಪಂಜರ, ಬದಿಯಡ್ಕದ ತಗಡು, ಹಿತ್ತಾಳೆಯ ಕೊಳವೆ, ಎಣ್ಣೆಯ ಬೆದರಿಕೆ, ಇವೆಲ್ಲ ತೆಗೆದುಹಾಕಬೇಕಾದ ಬದಲಾವಣೆಗಳು.

ನಾನು ಅದಕ್ಕೆ ಕೈ ಹಾಕಲಿಲ್ಲ. ನಂಬರು ಇಲ್ಲದಿದ್ದರೆ ಡಾಮರು ರಸ್ತೆಗೆ ಇಳಿಸುವಂತಿಲ್ಲ, ಅಷ್ಟೇ ತಾನೆ? ಪುಡಿಯಾದ ಸ್ಕ್ರೂಗಳ ಜಾಗಕ್ಕೆ ರಿವೆಟ್ ಹಾಕಿಸಿದ್ದೇನೆ. ಎಡ ಮಡ್‌ಗಾರ್ಡಿನ ಕಾಲಿಂಚು ಇದ್ದ ಹಾಗೇ ಇದೆ. ಏಳರ ವೃತ್ತವನ್ನು ಅರ್ಧ ಉಜ್ಜಿದಲ್ಲಿಗೇ ನಿಲ್ಲಿಸಿದೆ, ಇದರಿಂದ ಊರವರಿಗೂ ಕಾರಜ್ಜನಿಗೂ ನ್ಯಾಯ ಆಯಿತು ಎಂದುಕೊಂಡಿದ್ದೇನೆ. ಎಂಜಿನ್ ಓಡುತ್ತದೆ. ತೋಟದ ಮಣ್ಣಿನ ದಾರಿಯಲ್ಲಿ ಗೇಟಿನವರೆಗೆ ಹೋಗಿ ಬರುತ್ತದೆ, ಟ್ರನಿಯನ್ನಿಗೆ ಎಣ್ಣೆ ಬಿಟ್ಟ ಮೇಲೆಯೇ.

ಸದ್ಯದ ತಲೆನೋವು ಗೇರ್‌ಬಾಕ್ಸು. ಮೊದಲನೆಯ ಗೇರಿಗೆ ಸಿಂಕ್ರೋಮೆಶ್ (ಹಲ್ಲು ಕಚ್ಚುವ ಮೊದಲು ವೇಗ ಹೊಂದಿಸುವ ಏರ್ಪಾಡು) ಇಲ್ಲ, ಅದು ಹೆರಾಲ್ಡಿನ ಹುಟ್ಟುಗುಣ, ಕಾರು ಪೂರ್ತಿ ನಿಂತ ಮೇಲೆ ಹಾಕಿದರಾಯಿತು. ಎರಡನೆಯದು ಮಾತ್ರ ಏರಿನಲ್ಲಿ ಕಾಲು ಒತ್ತಿದೊಡನೆ ಹೊರಗೆ ಜಿಗಿಯುತ್ತದೆ, ಒಂದು ಕೈಯಲ್ಲಿ ಗೇರು ಹಿಡಿದುಕೊಂಡೇ ಗುಡ್ಡೆ ಹತ್ತಬೇಕು. ವಿಟ್ಲ, ಪುತ್ತೂರು, ಸುಳ್ಯ, ಮುಳ್ಳೇರಿಯ ಕಡೆಯ ಯಾವುದಾದರೂ ಹಳೆಯ ಗೇರೇಜಿನ ಮೂಲೆಯಲ್ಲಿ ಹೆರಾಲ್ಡಿನ ಗೇರ್‌ಬಾಕ್ಸ್ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಗೆಜೆಲಿನದಾದರೂ ತಂದು ಕೂರುತ್ತದೋ ನೋಡೋಣ. ಬೆಲೆಯಲ್ಲಿ ಅರ್ಧ ಅಡಿಕೆಯಲ್ಲಿ ಕೊಡಲು ಮೊಮ್ಮಗ ಒಪ್ಪಿದ್ದಾನೆ.